ಕಾಷಾ ತಿನ್ನಿ, ಕಾಶಾಳನ್ನು ಬಿಟ್ಟುಬಿಡಿ

ಶಂಕರನಿಗೆ ಶ, ಷಣ್ಮುಖನಿಗೆ ಷ. ಬರೆಯುವಾಗ ನಾವು ಬಹಳ ಕಟ್ಟುನಿಟ್ಟು. ಬಾಯಿ ತೆರೆದರೆ ಮಾತ್ರ ಇಬ್ಬರಿಗೂ ಒಂದೇ ಶ. ತಪ್ಪಿದರೆ ಮೇಷ್ಟ್ರು ಅರ್ಧ ಅಂಕ ಕಳೆದಾರು, ಅಷ್ಟೇ.

ಪೋಲಿಷ್ ಕಲಿಯಲು ಕೂತರೆ ಈ ಸಾಲವನ್ನು ಬಡ್ಡಿ ಸಮೇತ ತೀರಿಸಬೇಕು. ಪೋಲೆಂಡಿನಲ್ಲಿ ಕಾಷಾ ಎಂದರೆ ಬೇಯಿಸಿದ ಧಾನ್ಯದ ನುಚ್ಚು, ದಿನನಿತ್ಯದ ಊಟ. ಕಾಶಾ ಎಂದರೆ ಹೆಣ್ಣುಮಗಳ ಮುದ್ದಿನ ಹೆಸರು. "ಯೆಮ್ ಕಾಷೆ" ಎಂದರೆ ನುಚ್ಚು ತಿನ್ನುತ್ತಿದ್ದೇನೆ. "ಯೆಮ್ ಕಾಶೆ" ಎಂದಿರೋ, ಕಾಶಾಳನ್ನೇ ತಿನ್ನುತ್ತಿದ್ದೀರಿ. ಅದೇ ಥರ ಪ್ರೊಷೆ ಎಂದರೆ "ದಯವಿಟ್ಟು", ಪ್ರೊಶೆ ಎಂದರೆ ಹಂದಿಮರಿ. ಬ್ರೆಡ್ಡಿನಂಗಡಿಗೆ ಹೋಗಿ ವಿನಯದಿಂದ "ಹ್ಲೆಪ್, ಪ್ರೊಶೆ" ಎಂದರೆ ಕೇಳಿದ್ದು "ಬ್ರೆಡ್ಡು, ಹಂದಿಮರಿ" ಎಂದಾಯಿತು. ಅಂಗಡಿಯವಳು ಬ್ರೆಡ್ಡನ್ನು ಕೊಡುತ್ತಾಳೆ, ನಗುವನ್ನು ತಡೆದುಕೊಳ್ಳುತ್ತಾಳೆ.

ರಿಪೇರಿ ಕಷ್ಟವಲ್ಲ. ಷ ಅನ್ನುವಾಗ ನಾಲಿಗೆಯ ತುದಿ ಮೇಲ್ವಸಡಿನ ಹಿಂದಕ್ಕೆ ಏಳಬೇಕು, ತುಟಿ ಸ್ವಲ್ಪ ಮುಂದಕ್ಕೆ ಬರಬೇಕು. ಶ ಅನ್ನುವಾಗ ತುದಿ ಕೆಳಹಲ್ಲಿಗೆ ಆತುಕೊಂಡಿರಲಿ, ನಡುನಾಲಿಗೆ ಅಂಗುಳದತ್ತ ಉಬ್ಬಲಿ, ತುಟಿ ನಗುವವರ ಹಾಗೆ ಅಗಲವಾಗಲಿ. ಪುಸ್ತಕದಲ್ಲಿ ಗುರುತು ಹೀಗೆ: ಎಸ್ ಪಕ್ಕ ಝಡ್ ಬಂದರೆ ಷ, ಎಸ್ ತಲೆಯ ಮೇಲೆ ಓರೆಗೀಟು ಇದ್ದರೆ, ಇಲ್ಲವೇ ಪಕ್ಕದಲ್ಲಿ ಐ ಬಂದರೆ ಶ. ಚಕಾರದಲ್ಲೂ ಇಂಥದೇ ದಪ್ಪ–ಸಣ್ಣ ಜೋಡಿಯುಂಟು, ನಾಲಿಗೆಯ ಲೆಕ್ಕ ಅದೇ.

ನಮ್ಮವರ ನಿಜವಾದ ತೊಂದರೆ ಪೋಲಿಷ್ ಅಲ್ಲ, ನಡುವೆ ದಲ್ಲಾಳಿಯಾಗಿ ಕೂತಿರುವ ಇಂಗ್ಲಿಷು. ಪೋಲಿಷ್ ಅಕ್ಷರಮಾಲೆಯ 32 ಅಕ್ಷರಗಳು ನೋಡಲು ಪರಿಚಿತವೇ, ಹಾಗಾಗಿಯೇ ಮೋಸ. ಡಬ್ಲ್ಯು ಅಲ್ಲಿ ವ, ಪದದ ಕೊನೆಯಲ್ಲಿ ಫ. ಜೆ ಅಲ್ಲಿ ಯ. ಒಂಟಿ ಸಿ ಎಂದರೆ ತ್ಸ. ಎಲ್ ಮೈಮೇಲೆ ಅಡ್ಡಗೀಟು ಬಿದ್ದರೆ ಅದು ಎಲ್ ಅಲ್ಲವೇ ಅಲ್ಲ, ತುಟಿ ದುಂಡಗೆ ಮಾಡಿ ಹೇಳುವ ವ. ಹೀಗಾಗಿ ನಕ್ಷೆಯಲ್ಲಿ ಲೋಡ್ಜ್ ಎಂದು ಓದಿಕೊಂಡ ಊರನ್ನು ರೈಲು ನಿಲ್ದಾಣದಲ್ಲಿ ಎಷ್ಟು ಕೇಳಿದರೂ ಯಾರಿಗೂ ಗೊತ್ತಾಗುವುದಿಲ್ಲ. ಆ ಊರು ವುಚ್. "ಹೌದು" ಎನ್ನಲು "ತಾಕ್", ನಮ್ಮ ತಕಾರವೇ, ಹಲ್ಲಿಗೆ ತಾಗುವಂಥದ್ದು. ತ ದ ಎರಡೂ ಕೈಯಲ್ಲಿದ್ದೂ ಇಂಗ್ಲಿಷಿನ ಮರ್ಜಿಗೆ "ಟಾಕ್" ಎನ್ನುವವರಿಗೆ ಏನು ಹೇಳುವುದು?

ಇನ್ನು ನಮ್ಮದೇ ಮನೆಯ ಎರಡು ಚಾಳಿಗಳು. ಬಸ್ಸು, ಕಾರು ಎಂದು ಎಲ್ಲದಕ್ಕೂ ಉಕಾರದ ಬಾಲ ಕಟ್ಟುತ್ತೇವಲ್ಲ, ಪೋಲಿಷಿನಲ್ಲಿ ಅದು ವಿಭಕ್ತಿಯನ್ನೇ ಬದಲಾಯಿಸುತ್ತದೆ. ದೊಮ್ ಎಂದರೆ ಮನೆ; ಬಾಯಿತಪ್ಪಿ ದೊಮು ಎಂದರೆ ಮನೆಯ. ಇನ್ನೊಂದು, ಒತ್ತಕ್ಷರ ಕಂಡರೆ ಮುಂದೆ ಇಕಾರ ತಂದು ಊರುಗೋಲು ಕೊಡುವುದು: ಸ್ಕೂಲು ಇಸ್ಕೂಲಾದ ಹಾಗೆ. ಶಾಲೆಗೆ ಪೋಲಿಷಿನಲ್ಲಿ ಷ್ಕೊವಾ. ಇಷ್ಕೊವಾ ಎಂದರೆ "ಮತ್ತು ಶಾಲೆ", ಏಕೆಂದರೆ ಅಲ್ಲಿ ಇ ಎಂದರೆ "ಮತ್ತು". ಕೇಳಿದವರು ಮೊದಲನೆಯದು ಏನೆಂದು ಕಾಯುತ್ತಾರೆ.

ಕ್ರಿಯಾಪದಕ್ಕೆ ಬಂದರೆ ಕನ್ನಡಿಗರಿಗೆ ಅರ್ಧ ಕೆಲಸ ಮುಗಿದೇ ಇದೆ. "ಬರೀತೀನಿ" ಎಂದ ಮೇಲೆ "ನಾನು" ಬೇಕಿಲ್ಲ, ಪ್ರತ್ಯಯವೇ ಹೇಳುತ್ತದೆ. ಅಲ್ಲಿಯೂ ಹಾಗೆಯೇ. ಬರೆಯುವುದಕ್ಕೆ ಪಿಸಾಚ್ (ಪಿಶಾಚಿ ಎಂದು ನೆನಪಿಟ್ಟರೆ ಸಾಯುವವರೆಗೆ ಮರೆಯದು). ಪಿಷೆ, ಬರೀತೀನಿ. ಪಿಷೆಷ್, ಬರೀತೀಯ. ಪಿಸಾಚ್‌ನ ಸ ಇಲ್ಲಿ ಷ ಆಯಿತು ನೋಡಿ. ಧಾತು ಒಂದನ್ನೇ ಉರುಹೊಡೆದವರು ಇಲ್ಲೇ ಎಡವುವುದು. ಹಾಗಾಗಿ ಒಂದೊಂದು ಚೀಟಿಯಲ್ಲಿ ನಾಲ್ಕು ರೂಪ ಬರೆದಿಡಿ: ಪಿಸಾಚ್, ಪಿಷೆ, ಪಿಷೆಷ್, ನಪಿಸಾಚ್. "ನಾನು", "ನೀನು" ರೂಪಗಳು ಸಿಕ್ಕರೆ ಉಳಿದ ನಾಲ್ಕು ಬಹುಮಟ್ಟಿಗೆ ತಾವೇ ಹಿಂಬಾಲಿಸುತ್ತವೆ.

ಕೊನೆಯ ನಪಿಸಾಚ್ ಯಾರು? ಪಾಠ ಹೇಳುವವರು ಇದಕ್ಕೆ ಎರಡು ಪುಟ ವ್ಯಾಕರಣ ಬಿಗಿಯುತ್ತಾರೆ. ನಮಗೆ ಒಂದು "ಬಿಡು" ಸಾಕು. ಪಿಸಾಚ್ ಬರೆಯುವುದು, ನಪಿಸಾಚ್ ಬರೆದುಬಿಡುವುದು. "ಬರೆದುಬಿಡ್ತೀನಿ" ಎಂದರೆ ಇನ್ನು ಮುಂದೆ ತಾನೆ? ನಪಿಷೆ ಕೂಡ ಭವಿಷ್ಯವೇ, ಅದಕ್ಕೆ ವರ್ತಮಾನವೇ ಇಲ್ಲ. "ವರದಿ ಆಯ್ತಾ?" ಎಂದ ಮೇಲಧಿಕಾರಿಗೆ "ಪಿಸಾವೆಮ್" ಎಂದರೆ "ಬರೀತಾ ಇದ್ದೆ" ಎಂದಷ್ಟೇ, ಮುಗಿಸಿದ್ದರೂ ಬೈಗುಳ ಖಚಿತ. "ನಪಿಸಾವೆಮ್" ಎನ್ನಬೇಕು. ಅದೂ ಗಂಡಸರು ಮಾತ್ರ. ಹೆಂಗಸರಿಗೆ "ನಪಿಸಾವಾಮ್". ಕನ್ನಡದಲ್ಲಿ ಅವನು, ಅವಳು ಎಂದಾಗಷ್ಟೇ ಲಿಂಗ. ಅಲ್ಲಿ ಭೂತಕಾಲದಲ್ಲಿ "ನಾನು" ಎಂದರೂ ಬಿಡುವುದಿಲ್ಲ. ಹೆಣ್ಣುದನಿಯ ಧ್ವನಿಮುದ್ರಿಕೆ ಕೇಳಿ ಗಿಣಿಪಾಠ ಒಪ್ಪಿಸಿದ ಮೀಸೆಯ ಮಹನೀಯರು ತಿಂಗಳುಗಟ್ಟಲೆ "ಬಂದಿದ್ದವಳು ನಾನು" ಎನ್ನುತ್ತ ತಿರುಗುವುದುಂಟು.

ಹೋಗುವುದಂತೂ ದೊಡ್ಡ ಪುರಾಣ. "ಇದೆ" ಎಂದರೆ ಹೋಗುತ್ತಿದ್ದೇನೆ! ಕೇಳಿ ಖುಷಿಪಡಬೇಡಿ, ಅದು ಕಾಲ್ನಡಿಗೆ ಮಾತ್ರ. "ಇದೆ ದೊ ದೊಮು", ಮನೆಗೆ ಹೊರಟೆ, ಸರಿ. ವಾರ್ಸಾದಲ್ಲಿ ನಿಂತು "ಇದೆ ದೊ ಕ್ರಾಕೊವಾ" ಎಂದರೆ ಸುಮಾರು 300 ಕಿ.ಮೀ. ಪಾದಯಾತ್ರೆ. ಬಸ್ಸು, ರೈಲು ಏನೇ ಹತ್ತಿದರೂ "ಯಾದೆ". ದಿನಾ ಹೋಗಿಬರುವುದಾದರೆ ನಡೆಯಲು ಬೇರೆ ಪದ, ಗಾಡಿಗೆ ಬೇರೆ ಪದ. ಆ ಗಾಡಿಯ ಪದ ಯೆಝ್‌ಜೆ. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ.

"ಇರುವುದು" ಎಂಬ ಬಿಚ್ ಬಗ್ಗೆಯೂ ಎಚ್ಚರ. ಅದರ ಇಕಾರ ನಮ್ಮದಲ್ಲ. ಇ ಎನ್ನಲು ಹೊರಟ ನಾಲಿಗೆಯನ್ನು ಅರ್ಧದಾರಿಯಲ್ಲಿ ಹಿಂದಕ್ಕೆಳೆದು ಸಡಿಲಬಿಡಬೇಕು. ನೆಟ್ಟಗೆ ನಮ್ಮ ಇಕಾರ ಹಾಕಿದರೆ "ಹೊಡೆಯುವುದು" ಎಂದಾಗುತ್ತದೆ.

ಬಾಡಿಗೆಗೆ ರೂಮು ಕೇಳಲು ಫೋನ್ ಮಾಡಿದಾಗ ಆ ಕಡೆಯಿಂದ "ನೊ... ನೊ, ನೊ" ಎಂದು ಕೇಳಿಸಿದರೆ ಇಂಗ್ಲಿಷೆಂಬ ದಲ್ಲಾಳಿಯ ಮಾತು ಕೇಳಿ ಫೋನ್ ಇಡಬೇಡಿ. "ಇಲ್ಲ" ಎನ್ನಲು ಅವರಿಗೆ "ನ್ಯೆ" ಇದೆ. ಈ "ನೊ" ನಮ್ಮ "ಹೂಂ... ಹೂಂ, ಹೂಂ".