ಕಾಡೇ ನಮ್ಮ ಲ್ಯಾಬ್ ಆಗಿತ್ತು

ಸಣ್ಣ ಊರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಓದಿ ಪ್ರಯೋಜನವಿಲ್ಲ ಎಂದು ಒಂದು ಲೇಖನದಲ್ಲಿ ಓದಿದೆ. ನಾನು ಒಪ್ಪುವುದಿಲ್ಲ. ನಾನು ಬಿ.ಎಸ್ಸಿ. ಮಾಡಿದ್ದು ಮಲೆನಾಡಿನ ಸಣ್ಣ ಕಾಲೇಜಿನಲ್ಲಿ. ತರಗತಿಯಲ್ಲಿ 14 ಜನ, ಮೈಕ್ರೋಸ್ಕೋಪ್ 3. ಆದರೂ ಈರುಳ್ಳಿ ಬೇರಿನ ತುದಿಯಲ್ಲಿ ಜೀವಕೋಶ ವಿಭಜನೆ ಪ್ರತಿಯೊಬ್ಬರಿಗೂ ಕಾಣುವ ತನಕ ಮೇಡಂ ಬಿಡುತ್ತಿರಲಿಲ್ಲ.

ಒಮ್ಮೆ ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಎಂಬ ಜೌಗು ಕಾಡಿಗೆ ಕರೆದುಕೊಂಡು ಹೋದರು. ಜಾಯಿಕಾಯಿ ಕುಟುಂಬದ ಮರಗಳ ಬೇರು ಕೆಸರಿನಿಂದ ಮಂಡಿ ಮಡಚಿದ ಹಾಗೆ ಮೇಲೆದ್ದಿತ್ತು. ಜೌಗು ಮಣ್ಣಿನಲ್ಲಿ ಗಾಳಿ ಸಾಲದು, ಅದಕ್ಕೇ ಬೇರು ಹೊರಗೆ ಬರುತ್ತದೆ. ಪುಸ್ತಕ ಎಷ್ಟು ಓದಿದರೂ ಅದು ಅಷ್ಟು ಮನಸ್ಸಿಗೆ ಇಳಿಯುತ್ತಿರಲಿಲ್ಲ. ಡಿಎನ್‌ಎ ತುಣುಕಿನ ಲಕ್ಷಾಂತರ ಪ್ರತಿ ಮಾಡುವ ಪಿಸಿಆರ್ ಯಂತ್ರ ಮಾತ್ರ ನಾನು ಕಂಡಿದ್ದು ಎಂ.ಎಸ್ಸಿ.ಗೆ ಸೇರಿದ ಮೇಲೆ. ಆ ಕೊರತೆ ದೊಡ್ಡದೇ. ಇಂಥ ಕಾಲೇಜುಗಳಿಗೆ ಒಂದೊಂದಾದರೂ ಯಂತ್ರ ಕೊಡಿ, ಕಾಯಂ ಅಧ್ಯಾಪಕರನ್ನೂ ಕೊಡಿ.