ಗುಜರಿ ಕುರ್ಚಿಯ ಗತ್ತು

ಸರ್ಕಾರಿ ಕಚೇರಿಯ ಕುರ್ಚಿಗೆ ಬೆಲೆ ಬರುವುದು ಎರಡು ಸಲ. ಅದರಲ್ಲಿ ಕೂತವರಿಗೆ ಅಧಿಕಾರ ಇದ್ದಾಗ ಒಂದು ಸಲ. ಅದನ್ನು ಗುಜರಿಯವರಿಗೆ ಮಾರಿದ ಮೇಲೆ ಇನ್ನೊಂದು ಸಲ. ಎರಡನೆಯ ಬೆಲೆ ಎಷ್ಟಿರಬಹುದು ಅಂತ ಅನುಮಾನ ಇದ್ದರೆ ಚಂಡೀಗಢದವರನ್ನು ಕೇಳಿ.

ದೇಶ ಇಬ್ಭಾಗವಾಗಿ ಲಾಹೋರ್ ಆಚೆಗೆ ಹೋಯಿತು. ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು. ಹಾಗೆ ಕಟ್ಟಿದ ಚಂಡೀಗಢಕ್ಕೆ ಫ್ರಾನ್ಸಿನ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ನಕ್ಷೆ ಹಾಕಿದರು. ವರ್ಷಕ್ಕೆ ಎರಡು ಸಲ ಬಂದು ನೋಡಿಕೊಂಡು ಹೋಗುತ್ತಿದ್ದರು. ಅವರ ದಾಯಾದಿ ತಮ್ಮ ಪಿಯರ್ ಜನ್ನರೆ ಮಾತ್ರ 1951ರಿಂದ 1965ರವರೆಗೆ ಅಲ್ಲೇ ಉಳಿದರು. ಯಾವ ಮನೆಯಲ್ಲೂ ಹೀಗೇ ಅಲ್ವಾ? ಹೆಸರು ದೊಡ್ಡವರಿಗೆ, ಕೆಲಸ ಚಿಕ್ಕವರಿಗೆ.

ಕಟ್ಟಡಗಳೇನೋ ಎದ್ದವು. ಒಳಗೆ ಕೂರಲು ಕುರ್ಚಿ ಬೇಕಲ್ಲ. ಜನ್ನರೆ ಮತ್ತು ಅವರ ಜೊತೆಗಾರರು ತೇಗದ ಮರ, ಬೆತ್ತದ ಹೆಣಿಗೆ ಹಿಡಿದು ಅದಕ್ಕೂ ದಾರಿ ಕಂಡುಕೊಂಡರು. ತಲೆಕೆಳಗಾದ ಇಂಗ್ಲಿಷ್ ವಿ ಅಕ್ಷರದ ಹಾಗೆ ಅಗಲಿಸಿ ನಿಂತ ಕಾಲುಗಳು. ಸುತ್ತಮುತ್ತಲ ಬಡಗಿಗಳೇ ಮಾಡಬಹುದಾದ ಸರಳ ವಿನ್ಯಾಸ. ಗುಮಾಸ್ತರಿಗೆ ನೆಟ್ಟಗೆ ಕೂರುವ ಕುರ್ಚಿ, ದೊಡ್ಡವರಿಗೆ ಒರಗಿ ಕೂರುವ ತಗ್ಗಿನ ಕುರ್ಚಿ. ಸೆಕ್ರೆಟೇರಿಯಟ್, ಹೈಕೋರ್ಟ್, ಪಂಜಾಬ್ ವಿಶ್ವವಿದ್ಯಾಲಯ, ಎಲ್ಲ ಕಡೆ ಅವೇ.

ಆಮೇಲೆ ನಮ್ಮ ಕೈಚಳಕ ಶುರುವಾಯಿತು. ಬೆತ್ತ ಹರಿಯಿತು. ಹೆಣೆಸುವುದಕ್ಕೆ ಫೈಲು ಬೇಕು, ಫೈಲಿಗೆ ಸಹಿ ಬೇಕು. ಅದಕ್ಕಿಂತ ಹೊಸ ಕುರ್ಚಿ ತರಿಸುವುದೇ ಸಲೀಸು. ಹಳೆಯವು ಮಹಡಿ ಮೇಲೆ, ಶೆಡ್ಡಿನ ಹಿಂದೆ ರಾಶಿ ಬಿದ್ದವು. ಮಳೆ ಬಿತ್ತು, ಬಿಸಿಲು ಬಿತ್ತು, ಪಾರಿವಾಳಗಳೂ ತಮ್ಮ ಪಾಲು ಹಾಕಿದವು. ಕೊನೆಗೆ 'ಕಂಡಮ್' ಅಂತ ಬರೆದು ಪುಡಿಗಾಸಿಗೆ ಹರಾಜು ಹಾಕಿದರು. ಜಾಗ ಖಾಲಿಯಾಯಿತು ಅಂತ ಎಲ್ಲರಿಗೂ ನಿರಾಳ.

ಹರಾಜಿಗೆ ಬಂದವರಲ್ಲಿ ಫ್ರಾನ್ಸಿನ ವ್ಯಾಪಾರಿಗಳೂ ಇದ್ದರು. ಅಷ್ಟು ದೂರದಿಂದ ವಿಮಾನ ಹತ್ತಿ ಮುರಿದ ಕುರ್ಚಿ ಕೊಳ್ಳಲು ಒಬ್ಬ ಮನುಷ್ಯ ಯಾಕೆ ಬರುತ್ತಾನೆ? ಈ ಪ್ರಶ್ನೆಗೆ ಯಾವ ನಮೂನೆಯಲ್ಲೂ ಕಾಲಂ ಇರಲಿಲ್ಲವೋ ಏನೋ. ಯಾರೂ ಕೇಳಿದಂತಿಲ್ಲ. ಕುರ್ಚಿಗಳು ಕಂಟೇನರ್ ಹತ್ತಿದವು, ಮೈ ತಿಕ್ಕಿಸಿಕೊಂಡವು, ಹೊಸ ಬೆತ್ತ ಹಾಕಿಸಿಕೊಂಡವು. ಪ್ಯಾರಿಸ್, ಲಂಡನ್, ನ್ಯೂಯಾರ್ಕ್ ಹರಾಜುಗಳಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಬಿಕರಿಯಾದವು. ಕುರ್ಚಿ ಹೋಗಲಿ, ನಗರದ ನಕ್ಷೆ ಅಚ್ಚೊತ್ತಿದ ಮ್ಯಾನ್‌ಹೋಲ್ ಮುಚ್ಚಳವೂ ಅಲ್ಲಿ ಹರಾಜಾಯಿತು. ನಾವು ತುಳಿದು ಓಡಾಡಿದ್ದನ್ನು ಅವರು ಗೋಡೆಗೆ ನೇತು ಹಾಕುತ್ತಾರೆ.

ಇದರಲ್ಲಿ ನನಗೆ ಬಹಳ ಇಷ್ಟವಾದ ಭಾಗ ನಂಬರಿನದು. ಕುರ್ಚಿಯ ಬೆನ್ನಿಗೋ ಕಾಲಿಗೋ ಯಾರೋ ಬಣ್ಣದಲ್ಲಿ ಇಲಾಖೆಯ ಹೆಸರು, ಸಂಖ್ಯೆ ಬರೆದಿರುತ್ತಾರೆ. ಪಕ್ಕದ ಸೆಕ್ಷನ್ನಿನವರು ಎತ್ತಿಕೊಂಡು ಹೋಗದಿರಲಿ ಅಂತ ಮಾಡಿದ ಏರ್ಪಾಡು. ಈಗ ಶ್ರೀಮಂತ ಸಂಗ್ರಾಹಕರು ಆ ಸೊಟ್ಟ ಅಕ್ಷರಗಳನ್ನೇ ಹುಡುಕುತ್ತಾರೆ. ನಂಬರ್ ಇದ್ದರೆ ಅಸಲಿ, ಬೆಲೆ ಜಾಸ್ತಿ. ಕಡಲಾಚೆ ಹೋಗುವುದನ್ನು ತಡೆಯದ ನಂಬರ್, ಅಲ್ಲಿ ಹೋದ ಮೇಲೆ ಕೆಲಸಕ್ಕೆ ಬಂತು. ಅದನ್ನು ಬರೆದ ಪುಣ್ಯಾತ್ಮನ ಹೆಸರು ಮಾತ್ರ ಯಾವ ಕ್ಯಾಟಲಾಗಿನಲ್ಲೂ ಇಲ್ಲ.

ಅಮೆರಿಕದ ವಿನ್ಯಾಸಕರು ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯದೂ ಇದೇ ಕಾಲದ ಕಥೆ. ಒಳ್ಳೆಯ ವಸ್ತು ಆದಷ್ಟು ಜಾಸ್ತಿ ಜನಕ್ಕೆ, ಆದಷ್ಟು ಕಡಿಮೆ ಬೆಲೆಗೆ ಸಿಗಬೇಕು ಅನ್ನುವುದು ಅವರ ಮಾತು. 1956ರಲ್ಲಿ ಬಗ್ಗಿಸಿದ ಪ್ಲೈವುಡ್ಡಿಗೆ ಚರ್ಮದ ಮೆತ್ತೆ ಹಾಕಿ ಅವರು ಮಾಡಿದ ಲೌಂಜ್ ಕುರ್ಚಿ ಮಾತ್ರ ಅಗ್ಗದ್ದಾಗಿರಲಿಲ್ಲ. ಅದರ ಹಳೆಯ ಪ್ರತಿಗಳು ಈಗ ಸಾಮಾನ್ಯರ ಹಾಲ್‌ಗೆ ಕಾಲಿಡುವುದಿಲ್ಲ ಬಿಡಿ. ಎರಡು ವರ್ಷದ ನಂತರ ಭಾರತ ಸರ್ಕಾರವೇ ಅವರನ್ನು ಕರೆಸಿತು. ಅವರು ದೇಶ ಸುತ್ತಿ ವರದಿ ಬರೆದರು. ಅದರ ಮೇಲೆಯೇ 1961ರಲ್ಲಿ ಅಹಮದಾಬಾದಿನ ವಿನ್ಯಾಸ ಸಂಸ್ಥೆ ಹುಟ್ಟಿತು. ವರದಿಯಲ್ಲಿ ಅವರು ತುಂಬ ಹೊಗಳಿದ ವಸ್ತು ನಮ್ಮ ಚೊಂಬು. ಭವಿಷ್ಯ ಗೊತ್ತಿತ್ತೇನೋ. ಕುರ್ಚಿಗಳೆಲ್ಲ ಹೊರದೇಶಕ್ಕೆ ಹೋಗಿ ಕೊನೆಗೆ ನಮ್ಮ ಕೈಯಲ್ಲಿ ಉಳಿದದ್ದು ಅದೇ.

ಹಾಗಂತ ಸರ್ಕಾರ ಸುಮ್ನೆ ಕೂತಿಲ್ಲ. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಎಚ್ಚೆತ್ತು, ಇನ್ನು ಈ ಪೀಠೋಪಕರಣ ಮಾರಬಾರದು ಅಂತ ಆದೇಶ ಹೊರಡಿಸಿತು. ಮರುವರ್ಷ ಸಮಿತಿ ಕೂತು ಎಣಿಸಿದಾಗ ಹನ್ನೆರಡು ಸಾವಿರಕ್ಕೂ ಹೆಚ್ಚು ಉಳಿದಿದ್ದವು. ನಿನ್ನೆವರೆಗೆ ಗುಜರಿ, ಇವತ್ತಿನಿಂದ ಪರಂಪರೆ. ಈಗ ವಿದೇಶದಲ್ಲಿ ಹರಾಜಿನ ಸುದ್ದಿ ಬಂದಾಗಲೆಲ್ಲ ಅದನ್ನು ತಡೆಯಿರಿ ಅಂತ ಚಂಡೀಗಢದಿಂದ ದಿಲ್ಲಿಗೆ ಪತ್ರ ಹೋಗುತ್ತದೆ.

ಪತ್ರಕ್ಕೆ ಅಡ್ಡ ಬರುವುದು, ಹಳೆಯ ವಸ್ತುಗಳು ದೇಶ ಬಿಡದಂತೆ ತಡೆಯುವ 1972ರ ಪ್ರಾಚ್ಯವಸ್ತು ಕಾಯ್ದೆಯೇ. ಅದರ ಪ್ರಕಾರ ಇಂಥ ವಸ್ತು ಪ್ರಾಚ್ಯ ಅನ್ನಿಸಿಕೊಳ್ಳಲು ನೂರು ವರ್ಷ ತುಂಬಿರಬೇಕು. ನಮ್ಮ ಕುರ್ಚಿಗಳಿಗೆ ಎಪ್ಪತ್ತರ ಆಸುಪಾಸು. ಕಚೇರಿಗೆ ತೀರಾ ಮುದಿ, ಕಾನೂನಿಗೆ ತೀರಾ ಎಳಸು. ಸಾಲದ್ದಕ್ಕೆ ಅವನ್ನು ಯಾರೂ ಕದ್ದದ್ದಲ್ಲ, ನಾವೇ ಕೂಗಿ ಕರೆದು ರಸೀದಿ ಕೊಟ್ಟು ಮಾರಿದ್ದು. ವಾಪಸ್ ಕೊಡಿ ಅಂದರೆ ಅವರು ನಮ್ಮದೇ ರಸೀದಿ ತೋರಿಸುತ್ತಾರೆ. ಕಾಯ್ದೆ ತಾನಾಗಿಯೇ ಅನ್ವಯಿಸಲು ಇನ್ನು ಮೂರು ದಶಕ ಕಾದರೆ ಸಾಕು. ಅಲ್ಲಿಯವರೆಗೆ ಕುರ್ಚಿ ದೇಶದಲ್ಲಿ ಇರಬೇಕು, ಅಷ್ಟೇ ಷರತ್ತು.

ಅತ್ತ ಕೊಂಡವರ ಪಾಡೂ ಸುಖದ್ದಲ್ಲ. ಒರಗಿ ಕೂರಲೆಂದೇ ಮಾಡಿದ ಕುರ್ಚಿ, ಆದರೆ ಬೆಲೆ ನೆನಪಾದರೆ ಒರಗುವುದಕ್ಕೆ ಧೈರ್ಯ ಸಾಲದು. ಗುಮಾಸ್ತರೊಬ್ಬರು ಊಟದ ನಂತರ ನಿಶ್ಚಿಂತೆಯಿಂದ ತೂಕಡಿಸಿದ ಜಾಗದ ಮೇಲೆ ಈಗ ಸ್ಪಾಟ್‌ಲೈಟ್ ಬಿದ್ದಿದೆ. ಅತಿಥಿಗಳು ನಿಂತೇ ಮಾತಾಡಿ ಹೋಗುತ್ತಾರೆ.

ಬೇಡಿಕೆ ಇದ್ದಲ್ಲಿ ನಕಲಿಯೂ ಹುಟ್ಟಬೇಕಲ್ಲ, ಹುಟ್ಟಿದೆ. ಹೊಸ ಮರಕ್ಕೆ ಗೀರು ಹಾಕಿ, ಕಲೆ ಮಾಡಿ, ನಂಬರ್ ಬರೆದು ಹಳೆಯದು ಅಂತ ಮಾರುವವರಿದ್ದಾರೆ. ಆದರೆ ಆ ಹದ ಅಷ್ಟು ಸುಲಭಕ್ಕೆ ಬರುವುದಿಲ್ಲ. ನಲವತ್ತು ಐವತ್ತು ವರ್ಷದ ಅಸಲಿ ಸರ್ಕಾರಿ ನಿರ್ಲಕ್ಷ್ಯವನ್ನು ಯಾವ ಕಾರ್ಖಾನೆ ಒಂದು ವಾರದಲ್ಲಿ ತಯಾರಿಸೀತು? ಈ ಒಂದು ಉತ್ಪನ್ನದಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಪ್ರತಿ ರಾಜ್ಯದ ಪ್ರತಿ ಕಚೇರಿಯ ಹಿಂದೆ ದಾಸ್ತಾನು ಇದೆ. ಕಾಲು ಮುರಿದ ಮೇಜು, ಬಾಗಿಲು ಮುಚ್ಚದ ಕಬ್ಬಿಣದ ಬೀರು, ತುಕ್ಕು ಹಿಡಿದ ರ‍್ಯಾಕು. ದಯವಿಟ್ಟು ಅವನ್ನು ರಿಪೇರಿ ಮಾಡಿಸಬೇಡಿ. ಧೂಳು ಒರೆಸುವ ಯೋಚನೆಯಂತೂ ಬೇಡವೇ ಬೇಡ, ಬೆಲೆ ಇಳಿದುಬಿಡುತ್ತದೆ.