ಭೇದಿ ನಿಂತ ಮಾತ್ರಕ್ಕೆ ಗುಣವಾಯಿತೆಂದಲ್ಲ: ಸ್ಪಷ್ಟನೆ

"ಆಸ್ಪತ್ರೆಯಲ್ಲಿ ಆಂಟಿಬಯೋಟಿಕ್ ಪಡೆದವರಿಗೆ ಭೇದಿಯಾದರೆ ಎಷ್ಟು ಸಲ ಎಂದು ಎಣಿಸಿ, ಕಡಿಮೆಯಾದರೆ ಅಪಾಯ ಮುಗಿಯಿತು" ಎಂಬ ಸಂದೇಶ ಕಾಸರಗೋಡು, ಮಂಜೇಶ್ವರದ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ದಯವಿಟ್ಟು ನಂಬಬೇಡಿ.

ಇಂಥ ಭೇದಿಗೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಎಂಬ ಬ್ಯಾಕ್ಟೀರಿಯಾ ಕಾರಣವಾಗಿರಬಹುದು. ಆಗ ತೀವ್ರತೆ ತಿಳಿಯುವುದು ಮುಖ್ಯವಾಗಿ ರಕ್ತಪರೀಕ್ಷೆಯಿಂದ: ಬಿಳಿ ರಕ್ತಕಣ ಮೈಕ್ರೋಲೀಟರಿಗೆ 15,000 ಮುಟ್ಟಿದರೆ, ಇಲ್ಲವೇ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ, ರಕ್ತದಲ್ಲಿನ ತ್ಯಾಜ್ಯ) ಡೆಸಿಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಸೋಂಕು ತೀವ್ರ. (ಮೊದಲೇ ಕಿಡ್ನಿ ತೊಂದರೆ ಇದ್ದವರ ಕ್ರಿಯಾಟಿನಿನ್ ನೋಡುವಾಗ ಹಳೆಯ ರಿಪೋರ್ಟೂ ಬೇಕು.) ಬಿ.ಪಿ. ಕುಸಿದರೆ, ಕರುಳಿನ ಚಲನೆ ನಿಂತರೆ ಅದು ಪ್ರಾಣಾಪಾಯದ ಹಂತ.

ಸಂದೇಶದ ದೊಡ್ಡ ತಪ್ಪು ಇಲ್ಲೇ ಇದೆ. ಕರುಳು ಸ್ತಬ್ಧವಾದಾಗ ಭೇದಿ ಕಡಿಮೆಯಾಗುತ್ತದೆ, ಹೊಟ್ಟೆ ಉಬ್ಬುತ್ತದೆ. ಮನೆಯವರು ನಿಟ್ಟುಸಿರು ಬಿಡುವ ಆ ಹೊತ್ತಿನಲ್ಲೇ ನರ್ಸನ್ನು ಕರೆಯಬೇಕು. ಭೇದಿ ಕಟ್ಟುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ಕೊಡಲೇಬೇಡಿ.